ಯಂತ್ರಕ್ಕೆ ಹಣವುಂಟು, ಪ್ರಶ್ನೆಗೆ ಹಣವಿಲ್ಲ

2025ರ ಜೂನ್ ತಿಂಗಳಲ್ಲಿ ಶ್ರೀನಿವಾಸಪುರ ಬಂದ್ ಆಚರಿಸಿತು. ಆ ತಿಂಗಳ 7ರಂದು ಗಡಿಯಾಚೆಯ ಚಿತ್ತೂರು ಜಿಲ್ಲಾಡಳಿತವು ಕರ್ನಾಟಕದ ತೋತಾಪುರಿ ಮಾವು ತನ್ನ ಜಿಲ್ಲೆಯೊಳಕ್ಕೆ ಬರಕೂಡದೆಂದು ಆದೇಶ ಹೊರಡಿಸಿತ್ತು. ಹಣ್ಣು ಬೆಳೆದಿರುವುದು ಇಲ್ಲಿ. ಅದರ ತಿರುಳು ತೆಗೆಯುವ ಕಾರ್ಖಾನೆಗಳಿರುವುದು ಅಲ್ಲಿ. ಆಂಧ್ರ ಸರ್ಕಾರ ತನ್ನ ರೈತರಿಗೆ ಕಿಲೋಗೆ ಕಾರ್ಖಾನೆಯಿಂದ 8 ರೂಪಾಯಿ, ಬೊಕ್ಕಸದಿಂದ 4 ರೂಪಾಯಿ ಕೊಡಿಸಲು ನಿರ್ಧರಿಸಿತ್ತು. ಆ ಲೆಕ್ಕದೊಳಗೆ ಪಕ್ಕದ ರಾಜ್ಯದ ಅಗ್ಗದ ಹಣ್ಣು ನುಗ್ಗದಿರಲೆಂದು ಬಾಗಿಲು ಹಾಕಿತು. ತನ್ನ ರೈತರನ್ನು ಕಾಯಲು ಒಂದು ಸರ್ಕಾರ ಹೀಗೆ ಮಾಡಿದ್ದು ಅರ್ಥವಾಗದ ಸಂಗತಿಯೇನಲ್ಲ. ರಾಜ್ಯದಲ್ಲಿಯೇ ಅತಿ ಹೆಚ್ಚು ಮಾವು ಬೆಳೆಯುವ ಕೋಲಾರ ಜಿಲ್ಲೆಯು ನೆರೆಯ ಜಿಲ್ಲಾಧಿಕಾರಿಯೊಬ್ಬರ ಒಂದು ಸಹಿಯಿಂದ ಉಸಿರುಕಟ್ಟುವ ಸ್ಥಿತಿಗೆ ಬಂದದ್ದು ಹೇಗೆಂಬುದು ಅರ್ಥವಾಗಬೇಕಾದ ಸಂಗತಿ.

ಆಮೇಲೆ ನಡೆದದ್ದು ವಾಡಿಕೆಯಂತೆ. ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಕೇಂದ್ರ ಸರ್ಕಾರ ಕ್ವಿಂಟಾಲಿಗೆ 1,616 ರೂಪಾಯಿಯ ಮಧ್ಯಪ್ರವೇಶ ದರ ನಿಗದಿಪಡಿಸಿ, ಎರಡೂವರೆ ಲಕ್ಷ ಟನ್‌ವರೆಗಿನ ಮಾವಿಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ರೈತನಿಗೆ ಆ ಹಣ ಬೇಕಿತ್ತು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಹಣ ಅದು. ಬಿದ್ದ ಮೇಲೆ ಎತ್ತಲು ಕೋಟಿಗಳು ದೊರೆಯುತ್ತವೆ. ಬೀಳದಂತೆ ನೋಡಿಕೊಳ್ಳುವುದು ಹೇಗೆಂದು ಹುಡುಕಲು ಸಾವಿರಗಳೂ ದೊರೆಯುವುದಿಲ್ಲ.

ಹಾಗೆ ಹುಡುಕಲೆಂದೇ ಈ ದೇಶದಲ್ಲಿ ಒಂದು ಹಣದ ಹರಿವಿದೆ. ಅದಕ್ಕೆ 'ನಾವೀನ್ಯತೆ', 'ನವೋದ್ಯಮ', 'ಸ್ಟಾರ್ಟ್‌ಅಪ್' ಎಂದೆಲ್ಲ ಹೆಸರುಗಳಿವೆ. ಸಣ್ಣ ಉದ್ಯಮಗಳು ಹೊಸದನ್ನು ಪ್ರಯೋಗಿಸಿ ನೋಡಲಿ, ಸೋತರೆ ಸರ್ಕಾರ ಸಹಿಸಿಕೊಳ್ಳಲಿ ಎಂಬುದೇ ಈ ಅನುದಾನಗಳ ತಿರುಳು. ಉತ್ತರ ಭಾರತದ ಪೇಟೆಗಳಲ್ಲಿ ತೋತಾಪುರಿಯನ್ನು 'ಬೆಂಗಳೂರಾ' ಎಂದೂ ಕರೆಯುತ್ತಾರೆ. ಬೆಂಗಳೂರಿನ ಹೆಸರು ಹೊತ್ತ ಹಣ್ಣಿನ ಬಳಿಗೆ ಬೆಂಗಳೂರಿನಲ್ಲಿ ಹಂಚುವ ನಾವೀನ್ಯತೆಯ ಹಣ ಎಪ್ಪತ್ತು ಎಂಬತ್ತು ಕಿಲೋಮೀಟರು ನಡೆದು ಬರಲಿಲ್ಲ ಎಂಬುದೇ ಇಲ್ಲಿಯ ಮಾತು.

ಹೆಸರು ಬಂತು, ಎಲುಬು ಬರಲಿಲ್ಲ

ಈ ಬಗೆಯ ಅನುದಾನದ ಮೂಲ ಅಮೆರಿಕದ್ದು. 1977ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ರೋಲಂಡ್ ಟಿಬೆಟ್ಸ್ ಎಂಬ ಅಧಿಕಾರಿಯ ಮುತುವರ್ಜಿಯಿಂದ ಸಣ್ಣ ಉದ್ಯಮಗಳಿಗೆ ಸಂಶೋಧನಾ ಧನ ಕೊಡುವ ಪ್ರಯೋಗ ಆರಂಭಿಸಿತು. 1982ರಲ್ಲಿ ಅದು ಕಾಯ್ದೆಯಾಯಿತು. ಹೊರಗಿನವರ ಸಂಶೋಧನೆಗೆಂದು ವರ್ಷಕ್ಕೆ ಹತ್ತು ಕೋಟಿ ಡಾಲರಿಗಿಂತ ಹೆಚ್ಚು ವೆಚ್ಚ ಮಾಡುವ ಪ್ರತಿಯೊಂದು ಸರ್ಕಾರಿ ಇಲಾಖೆಯೂ ಅದರಲ್ಲಿ ನಿಗದಿತ ಪಾಲನ್ನು ಸಣ್ಣ ಉದ್ಯಮಗಳಿಗೆ ಮೀಸಲಿಡಲೇಬೇಕೆಂದು ಆ ಕಾಯ್ದೆ ವಿಧಿಸಿತು. ಮೊದಲು ಶೇ 0.2ರಷ್ಟಿದ್ದ ಪಾಲು 2017ರ ವೇಳೆಗೆ ಶೇ 3.2ಕ್ಕೆ ಮುಟ್ಟಿತು. ಮೊದಲ ಹಂತದಲ್ಲಿ 'ಈ ವಿಚಾರ ನಿಲ್ಲುತ್ತದೆಯೇ?' ಎಂದು ನೋಡಲು ಚಿಕ್ಕ ಮೊತ್ತ. ನಿಂತರೆ ಎರಡನೆಯ ಹಂತದಲ್ಲಿ ದೊಡ್ಡ ಮೊತ್ತ. ಆ ವ್ಯವಸ್ಥೆಗೂ ಕಳಂಕವಿಲ್ಲದಿಲ್ಲ. ಅರ್ಜಿ ಬರೆಯುವುದನ್ನೇ ಕಸುಬು ಮಾಡಿಕೊಂಡ ಕಂಪನಿಗಳು ಮತ್ತೆ ಮತ್ತೆ ಹಣ ಪಡೆಯುತ್ತವೆ, ಕ್ಯಾಲಿಫೋರ್ನಿಯಾ, ಮ್ಯಾಸಚುಸೆಟ್ಸ್‌ನಂಥ ರಾಜ್ಯಗಳಿಗೇ ಸಿಂಹಪಾಲು ಸಲ್ಲುತ್ತದೆ ಎಂಬ ಟೀಕೆ ಅಲ್ಲಿಯೂ ಇದೆ. ಆದರೂ ಅದು ದಯೆಯಿಂದ ಕೊಟ್ಟ ಹಣವಾಗಿರಲಿಲ್ಲ, ಕಾಯ್ದೆಯಿಂದ ದೊರೆತ ಪಾಲಾಗಿತ್ತು.

ಭಾರತದಲ್ಲಿ 1998ರಲ್ಲಿ 'ಟೆಪ್' ಯೋಜನೆ ಬಂತು, ಮುಂದೆ ಅದು 'ಪ್ರಿಸಂ' ಆಯಿತು. 2005ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ ಅಮೆರಿಕದ ಹೆಸರನ್ನೇ ಹೆಚ್ಚುಕಡಿಮೆ ನಕಲು ಮಾಡಿ 'ಎಸ್‌ಬಿಐಆರ್‌ಐ' ಎಂಬ ಯೋಜನೆ ತೆರೆಯಿತು. 2012ರಲ್ಲಿ 'ಬೈರಾಕ್' ಸ್ಥಾಪನೆಯಾಗಿ, ಹೊಸ ವಿಚಾರಕ್ಕೆ ಹದಿನೆಂಟು ತಿಂಗಳಿಗೆ 50 ಲಕ್ಷದವರೆಗೆ ಕೊಡುವ 'ಬಿಗ್' ಅನುದಾನ ಬಂತು. 2021ರಲ್ಲಿ 945 ಕೋಟಿ ರೂಪಾಯಿಗಳ ಸ್ಟಾರ್ಟ್‌ಅಪ್ ಬೀಜಧನ ಯೋಜನೆ. ಇತ್ತ ರಾಜ್ಯದಲ್ಲಿ 2017ರಿಂದ 'ಎಲಿವೇಟ್'. ಯೋಜನೆಗಳಿಗೆ ಬರವಿಲ್ಲ. ಆದರೆ ಇವುಗಳಲ್ಲಿ ಒಂದಕ್ಕೂ ಆ ಕಾಯ್ದೆಯ ಎಲುಬಿಲ್ಲ. ಯಾವ ಇಲಾಖೆಯೂ ತನ್ನ ಸಂಶೋಧನಾ ಹಣದ ಇಂತಿಷ್ಟು ಪಾಲನ್ನು ಸಣ್ಣವರಿಗೆ ಕೊಡಲೇಬೇಕಾದ ಕಟ್ಟುಪಾಡಿಲ್ಲ. ಕೊಟ್ಟರೆ ಕೊಟ್ಟಂತೆ, ಬಿಟ್ಟರೆ ಬಿಟ್ಟಂತೆ. ಮೊದಲೇ ಇಡೀ ದೇಶದ ಸಂಶೋಧನಾ ವೆಚ್ಚ 2020-21ರ ಲೆಕ್ಕದಂತೆ ಒಟ್ಟು ದೇಶೀಯ ಉತ್ಪನ್ನದ ಶೇ 0.64 ಮಾತ್ರ. ಅದರಲ್ಲಿ ಬೆಟ್ಟದ ಬುಡದ ಹಳ್ಳಿಗೆ ಬರುವ ಪಾಲು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುವಂತೆಯೂ ಇಲ್ಲ.

ಕಾಯ್ದೆಯಿಂದ ಪಾಲು ಮೀಸಲಿಡುವುದು ಈ ನೆಲಕ್ಕೆ ಒಗ್ಗದ ಪರದೇಶದ ಮಾತು ಎನ್ನುವವರಿಗೆ ಒಂದು ಉತ್ತರ ಇಲ್ಲಿಯೇ ಇದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಜನಸಂಖ್ಯೆಗೆ ಅನುಗುಣವಾಗಿ ಅಭಿವೃದ್ಧಿ ಬಜೆಟ್ಟಿನ ಶೇ 24.1ರಷ್ಟನ್ನು ಅವರಿಗಾಗಿ ಎತ್ತಿಡಬೇಕೆಂದು ಕರ್ನಾಟಕ 2013ರಲ್ಲಿ ಕಾಯ್ದೆ ಮಾಡಿತು. ಅದರ ಜಾರಿಯಲ್ಲಿ ಲೋಪಗಳಿವೆ, ಹಣ ಬೇರೆಡೆಗೆ ಹರಿದ ದೂರುಗಳಿವೆ. ಆದರೆ ಕಾಯ್ದೆ ಇರುವುದರಿಂದಲೇ ಆ ಲೋಪವನ್ನು ಬೆರಳಿಟ್ಟು ತೋರಿಸಲು ಸಾಧ್ಯವಾಗಿದೆ. ಸಂಶೋಧನಾ ಹಣದ ವಿಷಯದಲ್ಲಿ ಬೆರಳಿಡಲೂ ಒಂದು ಸಾಲಿಲ್ಲ.

ವರ ಕೊಡದ ಪೂಜಾರಿ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಅರ್ಹತೆಯ ನಿಯಮಗಳನ್ನು ಓದುವಾಗ ನೆನಪಾಗುತ್ತದೆ. ಎಸ್‌ಬಿಐಆರ್‌ಐ ಹಣ ಬೇಕಾದರೆ ಉದ್ಯಮಕ್ಕೆ ಮಾನ್ಯತೆ ಪಡೆದ ಸಂಶೋಧನಾ ಘಟಕವಿರಬೇಕು, ಇಲ್ಲವೇ ಅದು ಮಾನ್ಯ ಇನ್‌ಕ್ಯುಬೇಟರ್ ಒಂದರೊಳಗೆ ನೆಲೆಸಿರಬೇಕು. ಕೇಂದ್ರದ 2019ರ ಅಧಿಸೂಚನೆಯಂತೆ 'ಸ್ಟಾರ್ಟ್‌ಅಪ್' ಎನಿಸಿಕೊಳ್ಳಬೇಕಾದರೆ ಖಾಸಗಿ ನಿಯಮಿತ ಕಂಪನಿ, ನೋಂದಾಯಿತ ಪಾಲುದಾರಿಕೆ ಅಥವಾ ಸೀಮಿತ ಹೊಣೆಯ ಪಾಲುದಾರಿಕೆ ಆಗಿರಬೇಕಿತ್ತು. ಮುಳಬಾಗಿಲಿನಲ್ಲಿ ಒಬ್ಬನೇ ನಡೆಸುವ ವರ್ಕ್‌ಶಾಪಿಗೆ, ಶ್ರೀನಿವಾಸಪುರದ ಹಳ್ಳಿಯಲ್ಲಿ ಹುಣಸೆ ಬಿಡಿಸುವ ಹೆಂಗಸರ ಸ್ವಸಹಾಯ ಸಂಘಕ್ಕೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಬೀಜಧನ ನೇರವಾಗಿ ಉದ್ಯಮಕ್ಕೆ ಬರುವುದಿಲ್ಲ; ಇನ್‌ಕ್ಯುಬೇಟರ್ ಮೂಲಕ ಬರುತ್ತದೆ. ಇನ್‌ಕ್ಯುಬೇಟರ್‌ಗಳು ಹೆಚ್ಚಾಗಿ ಇರುವುದು ನಗರದ ದೊಡ್ಡ ಸಂಸ್ಥೆಗಳ ಅಂಗಳದಲ್ಲಿ.

ಇಷ್ಟೂ ದಾಟಿದವನು ಇಂಗ್ಲಿಷಿನಲ್ಲಿ ಅರ್ಜಿ ಬರೆದು, ಐದು ವರ್ಷಗಳ ಆದಾಯದ ಅಂದಾಜು ಕಟ್ಟಿ, ತೀರ್ಪುಗಾರರ ಮುಂದೆ ಹತ್ತು ನಿಮಿಷ ಪರದೆಯ ಮೇಲೆ ಚಿತ್ರ ತೋರಿಸಬೇಕು. ಮಾರುಕಟ್ಟೆ ಎಷ್ಟು ಕೋಟಿಯದು, ಎಷ್ಟು ಬೇಗ ಹತ್ತು ಪಟ್ಟು ಬೆಳೆಯುತ್ತೀರಿ ಎಂದು ಅಲ್ಲಿ ಕೇಳುತ್ತಾರೆ. ಎಷ್ಟು ನೀರು ಉಳಿಯುತ್ತದೆ ಎಂದು ಕೇಳುವುದು ಅಪರೂಪ. ಅಂತರ್ಜಲವನ್ನು ಮರುಪೂರಣಕ್ಕಿಂತ ಹೆಚ್ಚು ಎತ್ತುವ, ಕೊಳವೆಬಾವಿ ಸಾವಿರ ಅಡಿ ದಾಟಿದ ಜಿಲ್ಲೆಗೆ ಮೊದಲು ಕೇಳಬೇಕಾದ ಪ್ರಶ್ನೆ ಅದಾಗಿತ್ತು.

ಕೃಷಿಗೆಂದೇ ಇರುವ 'ರಫ್ತಾರ್' ಯೋಜನೆ ಇದಕ್ಕಿಂತ ಕೊಂಚ ಮೇಲು ಎಂಬುದನ್ನು ಒಪ್ಪಬೇಕು. ವಿಚಾರದ ಹಂತದಲ್ಲಿ 5 ಲಕ್ಷ, ಮುಂದಿನ ಹಂತದಲ್ಲಿ 25 ಲಕ್ಷದವರೆಗೆ ಕೊಡುವ ಅದರ ಐದು ಜ್ಞಾನ ಕೇಂದ್ರಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಒಂದು. ಆದರೆ ಅಲ್ಲಿಯೂ ಹಣ ಹುಡುಕುವುದು ಉದ್ಯಮಿಯನ್ನು. ಸಮಸ್ಯೆ ಇರುವ ಊರನ್ನು ಹುಡುಕಿಕೊಂಡು ಹೋಗುವ ಹಣ ಅದಲ್ಲ.

ಟೊಮೆಟೊ ಕಲಿಸುವ ಪಾಠ

ಹಳ್ಳಿಯ ಬಳಿಗೆ ನಿಜವಾಗಿ ಬರುವ ಹಣ ಇನ್ನೊಂದು ಬಗೆಯದು. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಯೋಜನೆಯಡಿ, ಅಂದರೆ ಪಿಎಂಎಫ್‌ಎಂಇಯಡಿ, ಯಂತ್ರದ ವೆಚ್ಚದ ಶೇ 35ರಷ್ಟನ್ನು ಕೇಂದ್ರದ ಯೋಜನೆ ಸಹಾಯಧನವಾಗಿ ಕೊಡುತ್ತದೆ. ಕರ್ನಾಟಕ ತನ್ನ ಪಾಲಿನ ಶೇ 15 ಸೇರಿಸಿ ಅದನ್ನು ಅರ್ಧಕ್ಕೆ ಏರಿಸಿತು. 'ಒಂದು ಜಿಲ್ಲೆ ಒಂದು ಉತ್ಪನ್ನ'ದ ಪಟ್ಟಿಯಲ್ಲಿ ಕೋಲಾರಕ್ಕೆ ಟೊಮೆಟೊ ಬಂತು. ಅದಕ್ಕೂ ಮುನ್ನ 2018ರ 'ಆಪರೇಷನ್ ಗ್ರೀನ್ಸ್'ನಲ್ಲಿಯೂ ಕೋಲಾರ, ಚಿಕ್ಕಬಳ್ಳಾಪುರಗಳು ಟೊಮೆಟೊ ಸಮೂಹಗಳೆಂದು ಗುರುತಾಗಿದ್ದವು. ಕೋಲಾರದ ಎಪಿಎಂಸಿ ದೇಶದ ಅತಿ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು; ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯದೂ ಚಿಕ್ಕದಲ್ಲ. 2023ರ ಜುಲೈನಲ್ಲಿ 15 ಕಿಲೋ ಬಾಕ್ಸಿಗೆ 2,000 ರೂಪಾಯಿ ದಾಟಿದ ಬೆಲೆ ಇಲ್ಲಿಯದೇ, ಬೇರೆ ವರ್ಷಗಳಲ್ಲಿ ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದ ರಾಶಿಯೂ ಇಲ್ಲಿಯದೇ.

ಹಾಗಾದರೆ ಸಾಸ್ ಮಾಡಿ, ಪೇಸ್ಟ್ ಮಾಡಿ ಎಂಬುದು ಎಲ್ಲ ಭಾಷಣಗಳ ಸಿದ್ಧ ಉತ್ತರ. ಯಂತ್ರ ಕೊಳ್ಳಲು ಸಾಲವಿದೆ, ಸಹಾಯಧನವಿದೆ. ಆದರೆ ಹಣ್ಣನ್ನು ಯಾರಾದರೂ ನೋಡಿದ್ದಾರೆಯೇ?

ಕೋಲಾರದ ಹೊಲಗಳಲ್ಲಿರುವುದು ದೂರದ ಪೇಟೆಗೆ ಲಾರಿಯಲ್ಲಿ ಹೋಗಲೆಂದು ರೂಪಿಸಿದ ಹೈಬ್ರಿಡ್ ತಳಿಗಳು. ಗೋಡೆ ದಪ್ಪ, ಸಿಪ್ಪೆ ಗಟ್ಟಿ, ದಿನಗಟ್ಟಲೆ ಕೆಡದು. ಆದರೆ ಅದರ ರಸದಲ್ಲಿ ಕರಗಿರುವ ಘನಾಂಶ ಸಾಮಾನ್ಯವಾಗಿ ನೂರಕ್ಕೆ ನಾಲ್ಕರಿಂದ ಐದು. ಪೇಸ್ಟಿನಲ್ಲಿ ಅದು 28 ಇರಬೇಕು. ಘನಾಂಶ 4.5 ಇದ್ದರೆ, ಸಿಪ್ಪೆ ಬೀಜಗಳ ನಷ್ಟ ಬಿಟ್ಟು, ಒಂದು ಕಿಲೋ ಪೇಸ್ಟಿಗೆ 6.2 ಕಿಲೋ ಹಣ್ಣು ಬೇಕು, 5.5 ಇದ್ದರೆ 5.1 ಕಿಲೋ ಸಾಕು. ಅಂದರೆ ಒಂದು ಟನ್ ಪೇಸ್ಟ್ ತಯಾರಿಸುವಾಗ ತೆಳು ರಸದ ಹಣ್ಣಿನಿಂದ ಸುಮಾರು 1,100 ಲೀಟರು ನೀರನ್ನು ಹೆಚ್ಚಾಗಿ ಕುದಿಸಿ ಆವಿ ಮಾಡಬೇಕು. ಸಣ್ಣ ಘಟಕದ ಸಾದಾ ಬಾಯ್ಲರಿನಲ್ಲಿ ಇದಕ್ಕೆ ನೂರಾರು ಕಿಲೋ ಸೌದೆ ಹೆಚ್ಚಿಗೆ ಬೇಕು. ಬರದ ನಾಡಿನಲ್ಲಿ ಸಾವಿರ ಅಡಿಯಿಂದ ಎತ್ತಿದ ನೀರನ್ನು ಹಣ್ಣಿಗೆ ತುಂಬಿ, ನೀಲಗಿರಿ ಕಡಿದು ಅದೇ ನೀರನ್ನು ಆಕಾಶಕ್ಕೆ ಬಿಡುವ ಉದ್ಯಮ ಇದು!

ವೆಚ್ಚದ ಲೆಕ್ಕವೂ ಇದೆ. ಪೇಟೆಯ ತಳಿಗೆ ಕೋಲು ನೆಟ್ಟು, ತಂತಿ ಎಳೆದು, ಹಂಬು ಕಟ್ಟಿ, ವಾರಗಟ್ಟಲೆ ಹಲವು ಬಾರಿ ಕೊಯ್ಯಬೇಕು. ಅಷ್ಟು ವೆಚ್ಚದ ಹಣ್ಣನ್ನು ಸಾಸ್ ಘಟಕ ಕೊಡಬಲ್ಲ ಬೆಲೆಗೆ ಮಾರಿದರೆ ರೈತ ಮುಳುಗುತ್ತಾನೆ. ಪೇಟೆಯಲ್ಲಿ ಬೆಲೆ ಏರಿದಾಗ ಘಟಕಕ್ಕೆ ಹಣ್ಣಿಲ್ಲ. ಬೆಲೆ ಬಿದ್ದಾಗ ಬರುವ ಹಣ್ಣು ನೀರುನೀರು. ಸಂಸ್ಕರಣೆಗೆಂದು ರೂಪಿಸಿದ ತಳಿಗಳು ಕುಳ್ಳಾಗಿ ಬೆಳೆದು, ಕೋಲಿನ ಹಂಗಿಲ್ಲದೆ, ಒಂದೆರಡು ಕೊಯ್ಲಿನಲ್ಲಿ ಮುಗಿಯುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಂಥ ತಳಿಗಳನ್ನು, ಅರ್ಕ ಅಪೇಕ್ಷಾ, ಅರ್ಕ ವಿಶೇಷ್ ಎಂಬ ಹೆಸರಿನಲ್ಲಿ, ಬಿಡುಗಡೆ ಮಾಡಿದೆ. ಮೂರು ರೋಗಗಳನ್ನು ತಡೆಯುವ ಅರ್ಕ ರಕ್ಷಕ್ ತಳಿಯೂ ಅಲ್ಲಿಯದೇ. ಸಾರ್ವಜನಿಕ ಹಣದ ಸಂಶೋಧನೆ ವ್ಯರ್ಥವೆನ್ನುವವರು ಈ ಹೆಸರುಗಳನ್ನು ನೆನೆಯಬೇಕು.

ಆದರೆ ಹೆಸರಘಟ್ಟದ ತಾಕಿನಿಂದ ಮುಳಬಾಗಿಲಿನ ಕೆಂಪು ಜೇಡಿಯ ಹೊಲಕ್ಕೆ, ಅಲ್ಲಿಂದ ಹತ್ತು ಹೆಂಗಸರು ನಡೆಸುವ ಘಟಕದ ಬಾಣಲೆಗೆ ಇರುವ ದೂರವನ್ನು ಯಾರು ಅಳೆಯಬೇಕು? ಯಾವ ತಳಿ, ಯಾವ ತಿಂಗಳ ನಾಟಿ, ಎಷ್ಟು ನೀರು, ಎಷ್ಟು ಘನಾಂಶ, ಘಟಕ ಯಾವ ಬೆಲೆ ಕೊಡಬಲ್ಲದು? ಐದಾರು ರೈತರ ಅರ್ಧರ್ಧ ಎಕರೆಯಲ್ಲಿ, ಎರಡು ಹಂಗಾಮಿನಲ್ಲಿ, ಕೈಯಲ್ಲಿ ಹಿಡಿಯುವ ಒಂದು ಘನಾಂಶ ಮಾಪಕದಿಂದ ಇದಕ್ಕೆ ಉತ್ತರ ಹುಡುಕಬಹುದು. ಕೆಲವು ಲಕ್ಷದ ಕೆಲಸ. ಪಿಎಂಎಫ್‌ಎಂಇಯಲ್ಲಿ ಯಂತ್ರಕ್ಕೆ 15 ಲಕ್ಷದವರೆಗೆ ಸಹಾಯಧನ ದೊರೆಯಬಹುದು. ಯಂತ್ರಕ್ಕೆ ಹಾಕುವುದೇನೆಂಬ ಈ ಪ್ರಶ್ನೆಗೆ ಅದರಲ್ಲಿ ಅಂಕಣವೇ ಇಲ್ಲ. ಸಹಾಯಧನ ಏರಿದಂತೆಲ್ಲ ಯಂತ್ರದ ದರಪಟ್ಟಿಯೂ ಏರುವ ಚಮತ್ಕಾರವನ್ನಂತೂ ಹನಿ ನೀರಾವರಿಯ ಕಾಲದಿಂದ ರೈತರು ಬಲ್ಲರು.

ಮಾವಿನದೂ ಇದೇ ಕಥೆ. ತೋತಾಪುರಿಯ ಹಂಗಾಮು ಎರಡು ತಿಂಗಳಿನಷ್ಟು. ಅಷ್ಟಕ್ಕಾಗಿ ಕೋಟ್ಯಂತರ ಹೂಡಿದ ತಿರುಳಿನ ಘಟಕ ಉಳಿದ ಹತ್ತು ತಿಂಗಳು ಬಾಗಿಲು ಮುಚ್ಚಿದರೆ ಬ್ಯಾಂಕಿನ ಬಡ್ಡಿ ಅದನ್ನು ತಿನ್ನುತ್ತದೆ. ಅದೇ ಬಾಯ್ಲರು, ಅದೇ ತಿರುಳು ಯಂತ್ರದಲ್ಲಿ ಟೊಮೆಟೊ, ಸೀಬೆ, ಹುಣಸೆ, ಪಪ್ಪಾಯಿ ಸರದಿಯಂತೆ ಓಡಬಲ್ಲವೇ? ಚಿತ್ತೂರಿನಷ್ಟು ದೊಡ್ಡದಲ್ಲದ, ಹೋಬಳಿಗೊಂದರಂತೆ ನಿಲ್ಲಬಲ್ಲ ಘಟಕದ ಗಾತ್ರ ಯಾವುದು? ಗಾಳಿಗೆ ಉದುರಿದ ಕಾಯಿಯಿಂದ ನಿಜಾಮಾಬಾದಿನ ಪೇಟೆ ಅಮ್‌ಚೂರ್ ವ್ಯಾಪಾರ ಬೆಳೆಸಿಕೊಂಡಿದೆ. ಶ್ರೀನಿವಾಸಪುರದ ಉದುರುಗಾಯಿ ಏನಾಗುತ್ತಿದೆ? ಹಣ್ಣಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಿಪ್ಪೆ, ಓಟೆಗಳಾಗಿ ಉಳಿಯುತ್ತದೆ. ಅದನ್ನೂ ತೊಳೆದ ಹುಳಿ ನೀರನ್ನೂ ಕೆರೆಗೆ ಬಿಟ್ಟರೆ ಮೀನು ಸಾಯುತ್ತದೆ. ಓಟೆಯೊಳಗಿನ ತಿರುಳಿನಿಂದ ಕೊಬ್ಬು ತೆಗೆದರೆ ಅದಕ್ಕೆ ಮಿಠಾಯಿ ಮತ್ತು ಸೌಂದರ್ಯವರ್ಧಕಗಳ ಉದ್ಯಮದಲ್ಲಿ ಗಿರಾಕಿಗಳಿದ್ದಾರೆ. ಹೊಗಳಗೆರೆಯಲ್ಲಿ ಇಸ್ರೇಲ್ ಸಹಯೋಗದ ಮಾವು ಕೇಂದ್ರವಿದೆ. ಅದರ ಮುಖ್ಯ ಗಮನ ಒತ್ತಾದ ನಾಟಿ, ಹಳೆಯ ಮರಗಳ ಪುನಶ್ಚೇತನದ ಮೇಲೆ, ಅಂದರೆ ಇನ್ನೂ ಹೆಚ್ಚು ಹಣ್ಣು ಬೆಳೆಯುವುದರ ಮೇಲೆ. 2025ರಲ್ಲಿ ಕೊರತೆಯಾದದ್ದು ಹಣ್ಣಲ್ಲ.

ನೀಲಗಿರಿಯೂ ಒಂದು ಕಾಲಕ್ಕೆ ನಾವೀನ್ಯತೆಯೇ

ಪ್ರಶ್ನೆ ಕೇಳದೆ ಹಣ ಹರಿಸಿದರೆ ಏನಾಗುತ್ತದೆಂಬುದಕ್ಕೆ ಕೋಲಾರವೇ ದೇಶಕ್ಕೆ ಪಾಠ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಸಸಿಗಳನ್ನು ಹಂಚಿ, ರಾಗಿಯ ಹೊಲಗಳಲ್ಲಿ ನೀಲಗಿರಿ ನೆಡಿಸಿದ್ದು ಅಂದಿನ ವಿಜ್ಞಾನ, ಅಂದಿನ ಪ್ರಗತಿ. ಮರ ಹರಿಹರದ ರೇಯಾನ್ ತಿರುಳಿನ ಕಾರ್ಖಾನೆಗೆ ಹೋಯಿತು. 1981ರಲ್ಲಿಯೇ ವಂದನಾ ಶಿವ, ಎಚ್.ಸಿ. ಶರತ್‌ಚಂದ್ರ, ಜೆ. ಬಂದೋಪಾಧ್ಯಾಯ ಅವರು ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯಿಂದ ಕೋಲಾರದ ಸಾಮಾಜಿಕ ಅರಣ್ಯದ ಸಾಮಾಜಿಕ, ಆರ್ಥಿಕ, ಪರಿಸರ ಪರಿಣಾಮಗಳ ಅಧ್ಯಯನ ಹೊರತಂದರು. ಆಹಾರದ ಬೆಳೆ ಹಿಂದೆ ಸರಿಯುತ್ತಿದೆ, ಕೂಲಿ ಕಡಿಮೆಯಾಗುತ್ತಿದೆ ಎಂದು ಎಚ್ಚರಿಸಿದರು. ರಾಜ್ಯ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಮೂವತ್ತಾರು ವರ್ಷ! ಅಷ್ಟರಲ್ಲಿ ಒಂದು ತಲೆಮಾರು ಬಾವಿಯಿಂದ ಕೊಳವೆಬಾವಿಗೆ, ಕೊಳವೆಬಾವಿಯಿಂದ ಟ್ಯಾಂಕರಿಗೆ ಬಂದು ನಿಂತಿತ್ತು.

ಆದ್ದರಿಂದ ಬೆಟ್ಟದ ಸೀಮೆಯ ಜನ 'ನಮಗೂ ಸ್ಟಾರ್ಟ್‌ಅಪ್ ಹಣ ಕೊಡಿ' ಎಂದಷ್ಟೇ ಕೂಗಿದರೆ ಸಾಲದು. ಆ ಹಣದ ಕುತ್ತಿಗೆಗೆ ನೀರಿನ ಲೆಕ್ಕ ಕಟ್ಟಬೇಕು. ಎಷ್ಟು ನೀರು, ಎಷ್ಟು ಸೌದೆ, ಕೊಳೆ ಎಲ್ಲಿಗೆ ಎಂಬ ಮೂರು ಸಾಲಿನ ಲೆಕ್ಕವಿಲ್ಲದ ಯಾವ ಅರ್ಜಿಗೂ ಹಣ ಬರಕೂಡದು.

ಕೇಳಬೇಕಾದ ಪ್ರಶ್ನೆಗಳಂತೂ ಕಾಲಿಗೆ ತೊಡರುವಷ್ಟಿವೆ. ಮಾಲೂರಿನ ಹೆಂಚು, ಇಟ್ಟಿಗೆಯ ಗೂಡುಗಳು ಕೆರೆಯ ಜೇಡಿಯನ್ನೂ ಸೌದೆಯನ್ನೂ ನುಂಗಿ ಬೆಳೆದವು, ಈಗ ತಾರಸಿ ಮನೆಗಳ ಮುಂದೆ ಸೊರಗಿವೆ. ಕೆರೆಯ ಹೂಳಿನಿಂದ ಸುಡದ ಮಣ್ಣಿನ ಇಟ್ಟಿಗೆ ಮಾಡಬಹುದೇ, ಯಾವ ಕೆರೆಯ ಹೂಳು ಯಾವ ಬೆರಕೆಗೆ ಸರಿ? ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಕಟ್ಟಿದ 'ಅಸ್ತ್ರ' ಕೇಂದ್ರ ಹೊಗೆ ತಗ್ಗಿಸುವ ಒಲೆಯನ್ನೂ, ಒತ್ತಿದ ಮಣ್ಣಿನ ಇಟ್ಟಿಗೆಯನ್ನೂ ಜನಕ್ಕೆ ಕೊಟ್ಟಿತು. ಆ ಕೆಲಸ ಗೂಡಿನ ಮಾಲೀಕನವರೆಗೆ ಮುಂದುವರಿಯಬೇಕಿತ್ತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳನ್ನು ತುಂಬುತ್ತಿದೆ. ಬತ್ತಿದ ಕೊಳವೆಬಾವಿಗಳಿಗೆ ನೀರು ಬಂದಿದೆ ಎಂಬುದು ನಿಜ. ಆ ನೀರು ಇಂಗಿದ ಮಣ್ಣಿನಲ್ಲಿ, ಅಲ್ಲಿ ಬೆಳೆದ ಸೊಪ್ಪಿನಲ್ಲಿ ಏನಿದೆ ಎಂಬುದನ್ನು ವರ್ಷಕ್ಕೆ ನಾಲ್ಕು ಬಾರಿ, ಕೆರೆಯಿಂದ ಕೆರೆಗೆ, ಊರಿನವರ ಎದುರಿಗೆ ಅಳೆದು ಗೋಡೆಗೆ ಬರೆಯುವವರಾರು? ಬಿ.ಎಸ್ಸಿ. ಓದಿ ನರಸಾಪುರದ ಕಾರ್ಖಾನೆಯ ಬಸ್ಸಿಗೆ ಕಾಯುತ್ತಿರುವ ಯುವಕ ಯುವತಿಯರು ನಾಲ್ಕು ಜನ ಸೇರಿದರೆ ಫ್ಲೋರೈಡ್, ಲವಣ, ಭಾರಲೋಹಗಳ ಪರೀಕ್ಷೆಯ ಸಣ್ಣ ಉದ್ಯಮ ನಡೆಸಬಲ್ಲರು. ಅದೂ ನಾವೀನ್ಯತೆಯೇ. ಆದರೆ ಅದು ಹತ್ತು ಪಟ್ಟು ಬೆಳೆಯುವುದಿಲ್ಲ, ಆದ್ದರಿಂದ ತೀರ್ಪುಗಾರರಿಗೆ ಕಾಣುವುದಿಲ್ಲ.

ಹಣ ಎಲ್ಲಿದೆ?

ಹಳ್ಳಿಯವರಿಗೆ ಸಂಶೋಧನೆಯ ಹಣ ಕೊಟ್ಟರೆ ಪೋಲಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಸಹಾಯಧನದ ಹೆಸರಿನಲ್ಲಿ ದಲ್ಲಾಳಿಗಳು ಕೊಬ್ಬಿರುವುದು ಸುಳ್ಳಲ್ಲವಾದ್ದರಿಂದ ಆ ಮಾತನ್ನು ತಳ್ಳಿಹಾಕಲಾಗದು. ಆದರೆ ಚಿಕ್ಕ ಮೊತ್ತವನ್ನು ನಂಬಿಕೆಯಿಂದ ಕೊಟ್ಟ ಉದಾಹರಣೆಗಳು ಈ ದೇಶದಲ್ಲಿಯೇ ಇವೆ. 2000ದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನವು 2003ರಲ್ಲಿ ಸಿಡ್ಬಿ ಬ್ಯಾಂಕಿನ ನೆರವಿನಿಂದ ಒಂದು ಕಿರು ನಿಧಿ ಆರಂಭಿಸಿ, ಅಡಮಾನವಿಲ್ಲದೆ, ಜಾಮೀನುದಾರನಿಲ್ಲದೆ, ಸಂಶೋಧಕನ ಒಂದೇ ಸಹಿಯ ಮೇಲೆ ಹಣ ಕೊಟ್ಟಿತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಗಳಿಗೆ ಸಾವಿರಗಳ ಲೆಕ್ಕದಲ್ಲಿ ನೆರವು ಕೊಡುತ್ತ ಬಂದಿದೆ. ಇದೇ ಬಾಗಿಲನ್ನು ಗೂಡಿನ ಮಾಲೀಕನಿಗೆ, ರೀಲರ್‌ಗೆ, ಸಂಘದ ಹೆಂಗಸರಿಗೆ ತೆರೆಯಲು ಅಡ್ಡಿಯೇನು?

ದೊಡ್ಡ ಮೊತ್ತದ ಕಡೆ ಕಣ್ಣು ಹಾಯಿಸಿದರೆ ಗಾಬರಿಯಾಗುತ್ತದೆ. 2025ರ ಜುಲೈನಲ್ಲಿ ಕೇಂದ್ರ ಸಂಪುಟ ಒಂದು ಲಕ್ಷ ಕೋಟಿ ರೂಪಾಯಿಗಳ ಸಂಶೋಧನಾ ನಿಧಿಗೆ ಒಪ್ಪಿಗೆ ಕೊಟ್ಟಿತು. ಅದು ಮುಖ್ಯವಾಗಿ ದೀರ್ಘಾವಧಿಯ ಅಗ್ಗದ ಸಾಲ. ಅದೂ ತಂತ್ರಜ್ಞಾನದ ಸಿದ್ಧತೆಯ ಒಂಬತ್ತು ಮೆಟ್ಟಿಲುಗಳಲ್ಲಿ ನಾಲ್ಕನೆಯದನ್ನು ಈಗಾಗಲೇ ಏರಿದವರಿಗೆ. ಮೊದಲ ಮೂರು ಮೆಟ್ಟಿಲುಗಳನ್ನು ಹತ್ತುವವನು ಯಾರ ಹೆಗಲ ಮೇಲೆ ಹತ್ತಬೇಕು?

ಜಿಲ್ಲೆಗೆ ಮೂರು ಕೋಟಿ ಸಾಕು. ಒಂದೂವರೆ ಲಕ್ಷದಂತೆ ಇನ್ನೂರು ಪ್ರಶ್ನೆಗಳಿಗೆ ಉತ್ತರ ಹುಡುಕಬಹುದು. 50 ಲಕ್ಷದ ಒಂದೇ ಒಂದು ಬಿಗ್ ಅನುದಾನದಲ್ಲಿಯೇ ಮೂವತ್ತಮೂರು. ಅರ್ಜಿ ಕನ್ನಡದಲ್ಲಿ, ಎರಡು ಪುಟ. ಆಯ್ಕೆ ಮಾಡುವವರು ತಮಕದ ತೋಟಗಾರಿಕೆ ಕಾಲೇಜು, ಕೃಷಿ ವಿಜ್ಞಾನ ಕೇಂದ್ರಗಳ ವಿಜ್ಞಾನಿಗಳು ಮತ್ತು ಅಷ್ಟೇ ಸಂಖ್ಯೆಯ ರೈತರು, ಕುಶಲಕರ್ಮಿಗಳು. 2011ರ ಜನಗಣತಿಯಂತೆ ಜಿಲ್ಲೆಯ ಜನರಲ್ಲಿ ಶೇ 30ಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಜಾತಿಯವರು. ಅಷ್ಟು ಪಾಲು ಅವರದು, ಜಮೀನಿನ ಪಹಣಿ ಕೇಳದೆ. ಹಣ ಮೊದಲೇ ಕೈಗೆ ಬರಬೇಕು, ಖರ್ಚಾದ ಮೇಲೆ ರಸೀದಿ ತಂದರೆ ಕೊಡುವುದಲ್ಲ. ಫಲಿತಾಂಶವನ್ನು, ಸೋತದ್ದನ್ನೂ ಸೇರಿಸಿ, ಗ್ರಾಮಸಭೆಯಲ್ಲಿ ಓದಬೇಕು. ಸೋತ ಪ್ರಯೋಗವನ್ನು ಓದಿಸಿದರೆ ಪಕ್ಕದ ಊರಿನ ಇನ್ನೊಬ್ಬ ಅದೇ ಗುಂಡಿಗೆ ಬೀಳುವುದು ತಪ್ಪುತ್ತದೆ.

ಆ ಮೂರು ಕೋಟಿ ಬೆಂಗಳೂರಿನಿಂದಲೇ ಬರಬೇಕೆಂದೂ ಇಲ್ಲ. ಟೇಕಲ್ಲಿನ ಬೆಟ್ಟಗಳನ್ನು ಸೀಳಿ ಕಲ್ಲು ಸಾಗಿಸುವ ಗಣಿಗಾರರಿಂದ ರಾಜಧನದ ಮೇಲೆ ವಸೂಲಾಗುವ ವಂತಿಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸೇರುತ್ತದೆ. ನೀರು ಮತ್ತು ಪರಿಸರ ಅದರ ಆದ್ಯತೆಯ ಬಾಬತ್ತುಗಳೇ. ಬೆಟ್ಟ ಹೋದರೆ ಮರಳಿ ಬಾರದು. ಅದರ ಬೆಲೆಯ ಒಂದಂಶವಾದರೂ ಅದರ ಬುಡದಲ್ಲಿ ಬದುಕುವವರ ಪ್ರಶ್ನೆಗಳಿಗೆ ಸಲ್ಲಲಿ. ನರಸಾಪುರ, ವೇಮಗಲ್, ಮಾಲೂರುಗಳ ದೊಡ್ಡ ಕಾರ್ಖಾನೆಗಳು 2013ರ ಕಂಪನಿ ಕಾಯ್ದೆಯಂತೆ ಲಾಭದ ಶೇ 2ನ್ನು ಸಮಾಜಕ್ಕೆ ಕೊಡಬೇಕು. ಶಾಲೆಯ ಗೋಡೆಗೆ ಬಣ್ಣ ಬಳಿದು ಫಲಕ ಹಾಕುವುದರ ಜೊತೆಗೆ ಈ ದಾರಿಯೂ ಇದೆ ಎಂದು ಯಾರಾದರೂ ಅವರಿಗೆ ಹೇಳಬೇಕು.

ಮೊದಲ ಕೆಲಸ ವಿದ್ಯಾರ್ಥಿಗಳದ್ದು. 2005ರ ಮಾಹಿತಿ ಹಕ್ಕು ಅಧಿನಿಯಮದಡಿ ರಾಜ್ಯದ ಕಚೇರಿಗೆ ಅರ್ಜಿ ಹಾಕಲು 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಕೂಡದು. ಎಲಿವೇಟ್ ಯೋಜನೆಯಲ್ಲಿ 2017ರಿಂದ ಈವರೆಗೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ನೋಂದಾಯಿತ ವಿಳಾಸ ಮತ್ತು ಕೆಲಸದ ಸ್ಥಳ ಎರಡನ್ನೂ ಹೊಂದಿದ ಎಷ್ಟು ಉದ್ಯಮಗಳಿಗೆ, ವರ್ಷವಾರು ಎಷ್ಟು ಅನುದಾನ ಬಂದಿದೆ ಎಂಬುದು ಒಂದು ಅರ್ಜಿ. ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ ಸಂಗ್ರಹವಾದದ್ದೆಷ್ಟು, ವೆಚ್ಚವಾಗದೆ ಉಳಿದದ್ದೆಷ್ಟು ಎಂಬುದು ಇನ್ನೊಂದು. ಜಿಲ್ಲೆಯಲ್ಲಿ ಪಿಎಂಎಫ್‌ಎಂಇ ಸಹಾಯಧನದಿಂದ ಕೊಂಡ ಟೊಮೆಟೊ ಮತ್ತು ಮಾವಿನ ಯಂತ್ರಗಳಲ್ಲಿ ಈಗ ಓಡುತ್ತಿರುವುದೆಷ್ಟು ಎಂಬುದು ಮೂರನೆಯದು. ಉತ್ತರ ಕೊಡಲು ಕಚೇರಿಗೆ ಮೂವತ್ತು ದಿನಗಳ ಗಡುವಿದೆ. ಬಂದ ಉತ್ತರಗಳನ್ನು ಮುಂದಿನ ಮಾವಿನ ಹಂಗಾಮಿಗೆ ಮುನ್ನ ಶ್ರೀನಿವಾಸಪುರದ ಮಂಡಿಯ ಗೋಡೆಗೆ ಅಂಟಿಸಬೇಕು, ವಡ್ಡಹಳ್ಳಿಯ ಹರಾಜುಕಟ್ಟೆಯಲ್ಲಿ ಗಟ್ಟಿಯಾಗಿ ಓದಬೇಕು.